ಯಾರ ಹೆಸರಿನಲ್ಲಿ ಸಂಸಾರ? ಅಮೆರಿಕದ ವಲಸೆ ಕಾನೂನು ಮತ್ತು ಭಾರತೀಯ ಕುಟುಂಬಗಳ ಹಣಕಾಸು

ಸಂಸಾರದಲ್ಲಿ ಯಾರು ದುಡಿಯಬೇಕು, ಬ್ಯಾಂಕ್ ಖಾತೆ ಯಾರದಾಗಿರಬೇಕು, ಮನೆ ಯಾರ ಹೆಸರಿಗೆ ಆಗಬೇಕು ಎಂಬುದನ್ನು ಸಾಧಾರಣವಾಗಿ ಗಂಡ ಹೆಂಡತಿ ಮತ್ತು ಮನೆಯ ಹಿರಿಯರು ತೀರ್ಮಾನಿಸುತ್ತಾರೆ. ದಂಪತಿಯಲ್ಲಿ ಒಬ್ಬರ ವಲಸೆ ಸ್ಥಾನಮಾನಕ್ಕೆ ಕಟ್ಟುಪಾಡು ಇದ್ದರೆ ಈ ತೀರ್ಮಾನದಲ್ಲಿ ಸರ್ಕಾರವೂ ಪಾಲು ಕೇಳುತ್ತದೆ. ಅಮೆರಿಕದಲ್ಲಿ ನೆಲೆಸಿದ ಭಾರತೀಯರ ನೂರು ವರ್ಷಗಳ ಚರಿತ್ರೆಯಲ್ಲಿ ಇದು ಎರಡು ಬಾರಿ ದೊಡ್ಡ ಪ್ರಮಾಣದಲ್ಲಿ ನಡೆದಿದೆ. 20ನೇ ಶತಮಾನದ ಮೊದಲ ಭಾಗದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೇಸಾಯ ಮಾಡುತ್ತಿದ್ದ ಗಂಡಸರಿಗೆ ಜಮೀನು ಹೊಂದುವ ಹಕ್ಕು ಇರಲಿಲ್ಲ. ಅದೇ ಶತಮಾನದ ಕೊನೆಯಿಂದ ಈಚೆಗೆ ಸಾಫ್ಟ್‌ವೇರ್ ಎಂಜಿನಿಯರುಗಳ ಹೆಂಡತಿಯರಿಗೆ ಸಂಬಳಕ್ಕೆ ದುಡಿಯುವ ಹಕ್ಕು ಇರಲಿಲ್ಲ. ಎರಡು ಕಾಲದಲ್ಲೂ ಕಾನೂನು ತಡೆದದ್ದು ಒಂದೊಂದೇ ಹಕ್ಕನ್ನು. ಅದರ ಬಿಸಿ ಮಾತ್ರ ತೆರಿಗೆ, ಬ್ಯಾಂಕು, ಸಾಲ, ಆಸ್ತಿ, ಪಿಂಚಣಿ ಎಲ್ಲಕ್ಕೂ ತಟ್ಟಿತು. ಪರಿಹಾರವೂ ಒಂದೇ ಏಟಿಗೆ ಬರಲಿಲ್ಲ. ಒಂದೊಂದು ಇಲಾಖೆ ಒಂದೊಂದು ಕಾಲಕ್ಕೆ ಒಂದೊಂದು ಗಂಟು ಬಿಚ್ಚುತ್ತ ಬಂದಿತು.

ಇಂಪೀರಿಯಲ್ ಕಣಿವೆಯ ಜಮೀನುಗಳು

1900ರ ನಂತರ ಅಮೆರಿಕದ ಪಶ್ಚಿಮ ಕರಾವಳಿಗೆ ಹೋದ ಭಾರತೀಯರಲ್ಲಿ ಹೆಚ್ಚಿನವರು ಪಂಜಾಬಿನ ರೈತರು. 1917ರ ವಲಸೆ ಕಾಯ್ದೆ ಏಷ್ಯಾದ ಬಹುಭಾಗವನ್ನು ನಿಷೇಧಿತ ವಲಯವೆಂದು ಸಾರಿದ ಮೇಲೆ ಊರಿನಿಂದ ಹೆಂಡತಿಯನ್ನು ಕರೆಸಿಕೊಳ್ಳುವ ದಾರಿ ಮುಚ್ಚಿಹೋಯಿತು. ಮೆಕ್ಸಿಕೋ ಗಡಿಗೆ ಅಂಟಿಕೊಂಡಿರುವ ಇಂಪೀರಿಯಲ್ ಕಣಿವೆಯಲ್ಲಿ ಹತ್ತಿ ಬೆಳೆಯುತ್ತಿದ್ದವರಲ್ಲಿ ಅನೇಕರು ಅಲ್ಲಿಯ ಮೆಕ್ಸಿಕನ್ ಹೆಂಗಸರನ್ನು ಮದುವೆಯಾದರು. ಹೀಗೆ ಹುಟ್ಟಿದ ಕುಟುಂಬಗಳೇ ಪಂಜಾಬಿ-ಮೆಕ್ಸಿಕನ್ ಸಮುದಾಯ.

ಈ ಮನೆಗಳ ಹಣಕಾಸಿನ ಮೂಲ ಬೇಸಾಯ. ಆದರೆ ಕ್ಯಾಲಿಫೋರ್ನಿಯಾ 1913ರಲ್ಲಿ ತಂದ ವಿದೇಶೀಯರ ಭೂ ಕಾನೂನು, ಅಮೆರಿಕದ ಪೌರತ್ವಕ್ಕೆ ಅರ್ಹರಲ್ಲದ ವಿದೇಶೀಯರು ಜಮೀನು ಕೊಳ್ಳುವುದನ್ನು ನಿಷೇಧಿಸಿ ಗುತ್ತಿಗೆಯನ್ನು 3 ವರ್ಷಕ್ಕೆ ಸೀಮಿತಗೊಳಿಸಿತ್ತು. 1920ರಲ್ಲಿ ಗುತ್ತಿಗೆಯೂ ನಿಂತಿತು. ಮುಖ್ಯವಾಗಿ ಜಪಾನೀಯರನ್ನು ಗುರಿಯಾಗಿಟ್ಟುಕೊಂಡಿದ್ದ ಈ ಕಾನೂನು 1923ರ ಫೆಬ್ರವರಿಯಲ್ಲಿ ಭಾರತೀಯರ ತಲೆಯ ಮೇಲೂ ಬಿತ್ತು. ಭಗತ್ ಸಿಂಗ್ ತಿಂದ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಾರತೀಯರು 'ಬಿಳಿಯರಲ್ಲ', ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪು ಕೊಟ್ಟಿತು. 1922ರ ಕೇಬಲ್ ಕಾಯ್ದೆಯ ಪ್ರಕಾರ, ಇಂಥ ಅನರ್ಹ ವಿದೇಶೀಯನನ್ನು ಮದುವೆಯಾದ ಅಮೆರಿಕನ್ ಹೆಣ್ಣು ತನ್ನ ಪೌರತ್ವವನ್ನೂ ಕಳೆದುಕೊಳ್ಳುತ್ತಿದ್ದಳು. ಗಂಡನಿಗಿಲ್ಲದ ಹಕ್ಕನ್ನು ಹೆಂಡತಿಯ ಹೆಸರಿನಲ್ಲಿ ಪಡೆಯೋಣವೆಂದರೆ ಮದುವೆಯೇ ಆ ಹೆಸರಿನ ಬೆಲೆ ಕಳೆಯುತ್ತಿತ್ತು. ಈ ನಿಯಮ ತೊಲಗಿದ್ದು 1931ರ ತಿದ್ದುಪಡಿಯಿಂದ.

ಹಾಗಾಗಿ ಜಮೀನಿನ ಕಾಗದಪತ್ರಗಳು ನಂಬಿಕಸ್ಥ ಅಮೆರಿಕನ್ ರೈತರು, ಬ್ಯಾಂಕಿನವರು, ವಕೀಲರ ಹೆಸರಿಗೆ ಹೋದವು. ದುಡಿಮೆ, ಬೀಜ, ನೀರು, ಸಾಲದ ಹೊಣೆ ಪಂಜಾಬಿಯದು. ಕಾಗದದ ಒಡೆತನ ಮತ್ತೊಬ್ಬನದು. ಇಬ್ಬರ ನಡುವಿನ ಒಪ್ಪಂದ ಬಹುಮಟ್ಟಿಗೆ ಬಾಯಿಮಾತಿನದು. ನಂಬಿಕೆ ಕೆಟ್ಟರೆ ಕೋರ್ಟಿಗೆ ಹೋಗುವಂತಿರಲಿಲ್ಲ, ಹೋದರೆ ಕಾನೂನು ಮುರಿದದ್ದನ್ನು ತಾನೇ ಒಪ್ಪಿಕೊಂಡಂತೆ. 1933ರಲ್ಲಿ ಇಂಪೀರಿಯಲ್ ಕೌಂಟಿಯ ಗ್ರ್ಯಾಂಡ್ ಜ್ಯೂರಿ ಇಂಥ ಒಪ್ಪಂದಗಳನ್ನೇ ಪಿತೂರಿಯೆಂದು ಕರೆದು ಕೆಲವು ಪಂಜಾಬಿಗಳ ಮತ್ತು ಬಿಳಿಯರ ಮೇಲೆ ಆರೋಪ ಹೊರಿಸಿತು. ಆಮೇಲೆ ಕುಟುಂಬಗಳು ಮಕ್ಕಳ ಕಡೆ ತಿರುಗಿದವು. ಅಮೆರಿಕದಲ್ಲಿ ಹುಟ್ಟಿದ ಮಗು ಹುಟ್ಟಿನಿಂದಲೇ ಪ್ರಜೆ. ಜಮೀನು ಮಗುವಿನ ಹೆಸರಿಗೆ, ತಂದೆ ಅದರ ಪೋಷಕ, ಹೀಗೆ ಲೆಕ್ಕಪತ್ರ ಹೊಂದಿಸಿಕೊಂಡರು.

ಗಣಿತದಲ್ಲಿ ಪಿಎಚ್‌.ಡಿ. ಪಡೆದೂ ಇದೇ ಕಣಿವೆಯಲ್ಲಿ ಬೇಸಾಯಕ್ಕಿಳಿದ ದಲೀಪ್ ಸಿಂಗ್ ಸೌಂದ್ ಅವರ ಬದುಕು ಈ ಕಾಲವನ್ನು ಆರಂಭದಿಂದ ಕೊನೆಯವರೆಗೆ ಕಂಡಿತು. 1928ರಲ್ಲಿ ಮೇರಿಯನ್ ಕೋಸಾ ಅವರನ್ನು ಮದುವೆಯಾದಾಗ ಅವರಿಗೆ ಪೌರತ್ವವೂ ಇರಲಿಲ್ಲ, ಭೂಮಿಯ ಹಕ್ಕೂ ಇರಲಿಲ್ಲ. 1946ರ ಲೂಸ್-ಸೆಲ್ಲರ್ ಕಾಯ್ದೆ ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದು ವರ್ಷಕ್ಕೆ 100 ಜನರ ವಲಸೆಗೆ ಅವಕಾಶ ಕೊಟ್ಟ ಮೇಲೆ, 1949ರಲ್ಲಿ ಸೌಂದ್ ಅಮೆರಿಕದ ಪ್ರಜೆಯಾದರು. 1956ರಲ್ಲಿ ಅಮೆರಿಕದ ಸಂಸತ್ತಿಗೆ ಆಯ್ಕೆಯಾದರು. ಭೂ ಕಾನೂನನ್ನು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು 1952ರಲ್ಲಿ ರದ್ದುಪಡಿಸಿತು.

ಇಬ್ಬರಿಗೂ ದುಡಿಮೆ ಇದ್ದ ಕಾಲ

1965ರ ವಲಸೆ ಕಾಯ್ದೆ ದೇಶವಾರು ಹಳೆಯ ಕೋಟಾಗಳನ್ನು ಕಿತ್ತುಹಾಕಿ, ವೃತ್ತಿ ನೈಪುಣ್ಯಕ್ಕೂ ಕುಟುಂಬ ಸಂಬಂಧಕ್ಕೂ ಆದ್ಯತೆ ಕೊಟ್ಟಿತು. ಒಂದು ದೇಶಕ್ಕೆ ವರ್ಷಕ್ಕೆ 20,000ದ ಮಿತಿ. ಮೈಸೂರು, ಬೆಂಗಳೂರು, ಮಣಿಪಾಲ, ಹುಬ್ಬಳ್ಳಿಯ ಕಾಲೇಜುಗಳಲ್ಲಿ ಓದಿದ ವೈದ್ಯರು ಮತ್ತು ಎಂಜಿನಿಯರುಗಳು ಅಮೆರಿಕಕ್ಕೆ ಹೊರಟದ್ದು ಈ ಬಾಗಿಲಿನಿಂದ. ವೃತ್ತಿಯ ಆಧಾರದ ಮೇಲೆ ನೇರವಾಗಿ ಕಾಯಂ ವಾಸದ ಪರವಾನಗಿ, ಅಂದರೆ ಗ್ರೀನ್ ಕಾರ್ಡ್, ಪಡೆದವರ ಜೊತೆಯಲ್ಲಿ ಬಂದ ಹೆಂಡತಿಗೂ ಅದೇ ಕಾರ್ಡು ಸಿಗುತ್ತಿತ್ತು. ಆಕೆ ಮರುದಿನವೇ ಕೆಲಸಕ್ಕೆ ಸೇರಬಹುದಿತ್ತು.

ಈ ತಲೆಮಾರಿನ ಹಣದ ಅಡಚಣೆ ಬಂದದ್ದು ಭಾರತದ ಕಡೆಯಿಂದ. ವಿದೇಶಿ ವಿನಿಮಯದ ಕೊರತೆಯಿದ್ದ ಆ ದಿನಗಳಲ್ಲಿ ವಿಮಾನ ಹತ್ತುವವರ ಕೈಗೆ ಸಿಗುತ್ತಿದ್ದದ್ದು ಕೆಲವೇ ಡಾಲರ್. '8 ಡಾಲರ್ ಹಿಡಿದು ಬಂದವರು' ಎಂಬುದು ಆ ಪೀಳಿಗೆಯ ಗುರುತೇ ಆಗಿಹೋಯಿತು. ಮೊದಲ ತಿಂಗಳು ಸ್ನೇಹಿತರ ಮನೆಯಲ್ಲಿ ಉಳಿದು, ಸಂಬಳ ಬಂದ ಮೇಲೆ ಬಾಡಿಗೆ ಮನೆ ಹಿಡಿಯುವುದು ವಾಡಿಕೆ. ಒಮ್ಮೆ ಕಾಲೂರಿದ ಮೇಲೆ ಎರಡು ಸಂಬಳ, ಜಂಟಿ ಖಾತೆ, ಸಾಲದ ಮನೆ ಎಲ್ಲವೂ ಅಮೆರಿಕನ್ ದಂಪತಿಗೆ ಸಿಕ್ಕಂತೆಯೇ ಇವರಿಗೂ ಸಿಕ್ಕವು.

ಒಂಟಿಯಾಗಿ ಬಂದು ಗ್ರೀನ್ ಕಾರ್ಡ್ ಪಡೆದು, ಆಮೇಲೆ ಊರಿಗೆ ಹೋಗಿ ಮದುವೆಯಾದವರ ಕಥೆ ಬೇರೆ. ಪ್ರಜೆಯ ಹೆಂಡತಿಗೆ ಸಂಖ್ಯೆಯ ಮಿತಿ ಇಲ್ಲ, ಗ್ರೀನ್ ಕಾರ್ಡ್ ಹೊಂದಿದವನ ಹೆಂಡತಿಗೆ ಇದೆ. ಸರದಿ ವರ್ಷಗಟ್ಟಲೆ ಬೆಳೆದಾಗ ಗಂಡ ನ್ಯೂಜೆರ್ಸಿಯಲ್ಲಿ, ಹೆಂಡತಿ ಅತ್ತೆಮಾವನ ಅಥವಾ ತವರುಮನೆಯಲ್ಲಿ. ಒಂದು ಸಂಬಳದಲ್ಲಿ ಎರಡು ಮನೆ ನಡೆಯಬೇಕು, ನಡುವೆ ವಿಮಾನದ ಟಿಕೆಟ್ಟಿನ ಖರ್ಚು ಬೇರೆ. ಈ ಬವಣೆಯನ್ನು ಗಮನಿಸಿ ಅಮೆರಿಕದ ಸಂಸತ್ತು 2000ದ ಡಿಸೆಂಬರಿನಲ್ಲಿ 'ವಿ' ಎಂಬ ತಾತ್ಕಾಲಿಕ ವೀಸಾ ತಂದಿತು. ಅದು ಸಿಕ್ಕಿದ್ದು ಆ ತಿಂಗಳ 21ರೊಳಗೆ ಅರ್ಜಿ ಹಾಕಿ 3 ವರ್ಷ ಕಾದವರಿಗೆ ಮಾತ್ರ.

ಎಚ್-4: ಬರಬಹುದು, ದುಡಿಯುವಂತಿಲ್ಲ

ತಾತ್ಕಾಲಿಕ ಕೆಲಸಗಾರರಿಗೆ ಮೀಸಲಾದ 'ಎಚ್' ವರ್ಗ 1952ರ ಕಾಯ್ದೆಯಲ್ಲಿತ್ತು. ಅವರ ಹೆಂಡತಿ ಮಕ್ಕಳಿಗೆಂದು ಎಚ್-4 ಬಂದದ್ದು 1970ರ ಏಪ್ರಿಲ್ 7ರ ತಿದ್ದುಪಡಿಯಿಂದ. ಅದೇ ತಿದ್ದುಪಡಿ ಕಂಪನಿಯೊಳಗಿನ ವರ್ಗಾವಣೆಗೆ ಎಲ್-1, ಅವರ ಕುಟುಂಬಕ್ಕೆ ಎಲ್-2, ಅಮೆರಿಕನ್ ಪ್ರಜೆಯನ್ನು ಮದುವೆಯಾಗಲಿರುವವರಿಗೆ ಕೆ-1 ವೀಸಾಗಳನ್ನೂ ತಂದಿತು. ಎಚ್-4 ಹೊಂದಿದವರು ಜೊತೆಯಲ್ಲಿ ವಾಸಿಸಬಹುದು, ಓದಬಹುದು. ಸಂಬಳದ ಕೆಲಸವಾಗಲಿ ಸ್ವಂತ ಕಸುಬಾಗಲಿ ಮಾಡುವಂತಿರಲಿಲ್ಲ. ಕೆಲಸ ಮುಗಿದ ಮೇಲೆ ಕುಟುಂಬ ಹಿಂತಿರುಗುತ್ತದೆ ಎಂಬ ಎಣಿಕೆಯಲ್ಲಿ ಈ ನಿಯಮ ನಿಂತಿತ್ತು.

1990ರ ವಲಸೆ ಕಾಯ್ದೆ ಆ ಎಣಿಕೆಯನ್ನೇ ತಲೆಕೆಳಗು ಮಾಡಿತು. ವೃತ್ತಿಪರ ಕೆಲಸಗಾರರ ಎಚ್-1ಬಿ ವರ್ಗಕ್ಕೆ ವರ್ಷಕ್ಕೆ 65,000 ವೀಸಾಗಳ ಮಿತಿ, ಗರಿಷ್ಠ 6 ವರ್ಷ. ಜೊತೆಗೆ ತಾತ್ಕಾಲಿಕ ವೀಸಾದಲ್ಲಿದ್ದುಕೊಂಡೇ ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವ ಅವಕಾಶ. ಅದೇ ಕಾಯ್ದೆ ಉದ್ಯೋಗಾಧಾರಿತ ಗ್ರೀನ್ ಕಾರ್ಡುಗಳನ್ನು ವರ್ಷಕ್ಕೆ ಸುಮಾರು 1,40,000ಕ್ಕೆ ನಿಲ್ಲಿಸಿ, ಒಂದೇ ದೇಶಕ್ಕೆ ಶೇ 7ಕ್ಕಿಂತ ಹೆಚ್ಚು ಸಲ್ಲದೆಂದಿತು. 2000ದ ಇಸವಿಯ ಕಂಪ್ಯೂಟರ್ ತೊಂದರೆ, ಅಂದರೆ ವೈಟುಕೆ, ಸರಿಪಡಿಸುವ ಕೆಲಸ ಬೆಂಗಳೂರು, ಹೈದರಾಬಾದ್, ಚೆನ್ನೈಗಳಿಗೆ ಹರಿದು ಬಂದಾಗ ಎಚ್-1ಬಿ ಮಿತಿ 1,15,000ಕ್ಕೆ, ಮುಂದೆ 2001ರಿಂದ 2003ರವರೆಗೆ 1,95,000ಕ್ಕೆ ಏರಿತು. ಗ್ರೀನ್ ಕಾರ್ಡಿನ ಮಿತಿ ಇದ್ದಲ್ಲೇ ಉಳಿಯಿತು. ಸರದಿಯಲ್ಲಿರುವವರಿಗೆ 6 ವರ್ಷದ ನಂತರವೂ ವೀಸಾ ನವೀಕರಿಸಬಹುದೆಂದು 2000ದ ಕಾಯ್ದೆ ಹೇಳಿದ ಮೇಲೆ 'ತಾತ್ಕಾಲಿಕ' ಎಂಬುದು ಹತ್ತು, ಹದಿನೈದು ವರ್ಷಗಳ ಮಾತಾಯಿತು.

ಕರ್ನಾಟಕದಲ್ಲಿ ಈ ಪ್ರಯಾಣ ಶುರುವಾಗುತ್ತಿದ್ದದ್ದು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ. ಎಚ್-4 ಅರ್ಜಿಗೆ ಮದುವೆಯ ನೋಂದಣಿ ಪತ್ರ ಬೇಕು. ವಿವಾಹ ನೋಂದಣಿಗೆ ಕರ್ನಾಟಕ 1976ರಲ್ಲೇ ಕಾಯ್ದೆ ಮಾಡಿದ್ದರೂ ಧಾರೆ ಮುಹೂರ್ತವೇ ಮದುವೆಗೆ ಸಾಕ್ಷಿಯೆಂದು ನಂಬಿದ್ದ ಮನೆಗಳು ಆ ಕಚೇರಿಯ ಮೆಟ್ಟಿಲು ಹತ್ತಿದ್ದು ಬಹುಪಾಲು ವೀಸಾ ನೆಪದಿಂದ. ಲಗ್ನಪತ್ರಿಕೆ, ಮದುವೆಯ ಫೋಟೊ, ಸಾಕ್ಷಿಗಳ ರುಜು ಒಪ್ಪಿಸಿ ಪಡೆದ ಪತ್ರವನ್ನು ಹಿಡಿದು ಚೆನ್ನೈನ ಕಾನ್ಸುಲೇಟಿಗೆ ರಾತ್ರಿ ಬಸ್ಸೋ ರೈಲೋ ಹತ್ತುವುದು ರೂಢಿಯಾಯಿತು.

ಬೆಂಗಳೂರಿನಲ್ಲಿ ಕೆಲಸ ಬಿಟ್ಟು ಬಂದ ಎಂಜಿನಿಯರ್, ಉಪನ್ಯಾಸಕಿ ಅಥವಾ ದಂತವೈದ್ಯೆಯ ಆದಾಯ ವಿಮಾನ ಇಳಿದ ದಿನದಿಂದ ಸೊನ್ನೆ. ಅದರ ಮೇಲೆ ಗಂಡನ ಕೆಲಸವೂ ಗಟ್ಟಿಯಲ್ಲ. 1998ರ ಕಾನೂನು ತಡೆಯುವವರೆಗೆ ಅನೇಕ ಕನ್ಸಲ್ಟೆನ್ಸಿಗಳು ಪ್ರಾಜೆಕ್ಟ್ ಇಲ್ಲದ ಅವಧಿಗೆ ಸಂಬಳ ಕೊಡದೆ 'ಬೆಂಚಿನ ಮೇಲೆ' ಕೂರಿಸುತ್ತಿದ್ದವು. ಕೆಲಸ ಹೋದರೆ ಅದೇ ದಿನ ವೀಸಾ ಸ್ಥಾನಮಾನವೂ ಹೋಗುತ್ತಿತ್ತು. 60 ದಿನಗಳ ಗಡುವು ಬಂದದ್ದು 2017ರ ಜನವರಿಯಲ್ಲಿ. ಒಂದು ಸಂಬಳ ನಿಂತರೆ ಇಬ್ಬರೂ ದೇಶ ಬಿಡಬೇಕಾದ ಮನೆಯ ಉಳಿತಾಯಕ್ಕೆ ಬೇರೆಯೇ ರೂಪ ಬಂತು. ಕೆಲವು ತಿಂಗಳ ಬಾಡಿಗೆ ಮತ್ತು ವಾಪಸು ಟಿಕೆಟ್ಟಿನ ಹಣ ಯಾವಾಗಲೂ ಖಾತೆಯಲ್ಲಿರಬೇಕು, ಮನೆ ಸಾಲಕ್ಕೆ ಕೈಹಾಕಬಾರದು, ಕಾರು ಸಾಧ್ಯವಾದರೆ ಸೆಕೆಂಡ್ ಹ್ಯಾಂಡ್ ಎಂಬುದು ಕನ್ನಡ ಕೂಟದ ಹಬ್ಬದೂಟದಲ್ಲಿ ಹೊಸಬರಿಗೆ ಹಳಬರು ಹೇಳುವ ಬುದ್ಧಿಮಾತಾಯಿತು. 2001ರಲ್ಲಿ ಡಾಟ್‌ಕಾಂ ಕಂಪನಿಗಳು ಮುಗ್ಗರಿಸಿದಾಗ ಆ ಮಾತಿನ ಬೆಲೆ ಎಲ್ಲರಿಗೂ ತಿಳಿಯಿತು.

2002ರ ಜನವರಿಯಲ್ಲಿ ಎಲ್-2 ಹೆಂಡತಿಯರಿಗೆ ಕೆಲಸದ ಪರವಾನಗಿ ಸಿಕ್ಕಿತು, ಎಚ್-4ಗೆ ಸಿಗಲಿಲ್ಲ. ಒಂದೇ ಬೆಂಗಳೂರು ಕಂಪನಿ ಒಬ್ಬನನ್ನು ಎಲ್-1ರಲ್ಲಿ, ಮತ್ತೊಬ್ಬನನ್ನು ಎಚ್-1ಬಿಯಲ್ಲಿ ಕಳಿಸಿದ್ದರೆ, ಒಂದೇ ಅಪಾರ್ಟ್‌ಮೆಂಟಿನ ಎರಡು ಮನೆಗಳಲ್ಲಿ ಒಂದಕ್ಕೆ ಎರಡು ಸಂಬಳ, ಇನ್ನೊಂದಕ್ಕೆ ಒಂದು. ಆದರೆ ಎಲ್-1 ಹೊಂದಿದವನು ಕಂಪನಿ ಬದಲಿಸುವಂತಿಲ್ಲ. ಗಂಡನಿಗೆ ಹೆಚ್ಚಿನ ಸಂಬಳದ ಕಡೆ ಹಾರುವ ಸ್ವಾತಂತ್ರ್ಯವೋ, ಹೆಂಡತಿಯ ಎರಡನೇ ಸಂಬಳವೋ ಎಂದು ತೂಗುವುದು ಆ ಮನೆಗಳ ಲೆಕ್ಕಾಚಾರದ ಭಾಗವಾಯಿತು.

ಒಂಬತ್ತು ಅಂಕಿಯ ನಂಬರು

ಅಮೆರಿಕದಲ್ಲಿ ಹಣದ ವ್ಯವಹಾರಗಳೆಲ್ಲ ಸೋಷಿಯಲ್ ಸೆಕ್ಯುರಿಟಿ ನಂಬರಿನ ಸುತ್ತ ಸುತ್ತುತ್ತವೆ. ಕೆಲಸದ ಹಕ್ಕಿಲ್ಲದವರಿಗೂ 'ಉದ್ಯೋಗಕ್ಕೆ ಸಲ್ಲದು' ಎಂಬ ಮುದ್ರೆಯೊಂದಿಗೆ ಈ ನಂಬರು ಕೊಡುವ ಪದ್ಧತಿ ಹಿಂದೆ ಇತ್ತು. ಚಾಲನಾ ಪರವಾನಗಿ ಬೇಕೆಂಬ ಕಾರಣವೇ ಸಾಕಾಗುತ್ತಿತ್ತು. 2003ರ ಅಕ್ಟೋಬರಿನಿಂದ ಆ ಕಾರಣ ನಡೆಯದಾಯಿತು. ಇತ್ತ ತೆರಿಗೆ ಇಲಾಖೆ 1996ರಲ್ಲಿ ಇಂಥವರಿಗೆಂದೇ 9ರಿಂದ ಶುರುವಾಗುವ, ತೆರಿಗೆಗೆ ಮಾತ್ರ ಸಲ್ಲುವ ಐಟಿಐಎನ್ ಎಂಬ ಬೇರೆ ನಂಬರು ತಂದಿತ್ತು.

ತೆರಿಗೆಯಲ್ಲಿ ಮದುವೆಯ ಬೆಲೆ ದೊಡ್ಡದು. 1948ರಿಂದ ಅಮೆರಿಕದಲ್ಲಿ ದಂಪತಿ ಜಂಟಿಯಾಗಿ ರಿಟರ್ನ್ ಸಲ್ಲಿಸಿ ಒಬ್ಬರ ಆದಾಯವನ್ನು ಇಬ್ಬರದೆಂಬಂತೆ ಲೆಕ್ಕ ಹಾಕಿಸಿಕೊಳ್ಳಬಹುದು. ವರ್ಷದ ಕೊನೆಯಲ್ಲಿ ಮದುವೆಯಾಗಿ ಇನ್ನೂ ತೆರಿಗೆಯ ದೃಷ್ಟಿಯಲ್ಲಿ 'ಅನಿವಾಸಿ'ಯಾಗಿರುವ ಸಂಗಾತಿಯನ್ನೂ, ಇಬ್ಬರೂ ಒಪ್ಪಿದರೆ, 'ನಿವಾಸಿ'ಯೆಂದು ಎಣಿಸಲು 1976ರ ಕಾನೂನು ಅವಕಾಶ ಕೊಟ್ಟಿದೆ; ಆಗ ಇಬ್ಬರ ಜಗತ್ತಿನೆಲ್ಲೆಡೆಯ ಆದಾಯವನ್ನೂ ತೋರಿಸಬೇಕು. 2000ದ ದರಗಳಲ್ಲಿ ವರ್ಷಕ್ಕೆ 60,000 ಡಾಲರ್ ಸಂಬಳದ ಒಂದು ಮನೆಯನ್ನು ನೋಡಬಹುದು. ಜಂಟಿ ರಿಟರ್ನಿನಲ್ಲಿ 7,350 ಡಾಲರ್ ಪ್ರಮಾಣಿತ ಕಡಿತ, ತಲೆಗೆ 2,800ರಂತೆ ಇಬ್ಬರ ವಿನಾಯಿತಿ ಕಳೆದರೆ ಆದಾಯ ತೆರಿಗೆ ಸುಮಾರು 7,470 ಡಾಲರ್. ಹೆಂಡತಿಗೆ ನಂಬರು ಇಲ್ಲದೆ ಗಂಡನೊಬ್ಬನೇ 'ವಿವಾಹಿತ, ಪ್ರತ್ಯೇಕ' ಎಂದು ಸಲ್ಲಿಸಿದರೆ ಅದೇ ತೆರಿಗೆ ಸುಮಾರು 12,150. ಒಂದು ನಂಬರಿನ ಬೆಲೆ ವರ್ಷಕ್ಕೆ 4,680 ಡಾಲರ್, ಆ ಸಂಬಳದಲ್ಲಿ ಹೆಚ್ಚುಕಡಿಮೆ ಒಂದು ತಿಂಗಳ ದುಡಿಮೆ.

ಆ ನಂಬರು ಪಡೆಯಲು ಡಬ್ಲ್ಯು-7 ಅರ್ಜಿಯನ್ನು ತೆರಿಗೆ ರಿಟರ್ನಿನ ಜೊತೆಯಲ್ಲೇ ಟೆಕ್ಸಾಸಿನ ಆಸ್ಟಿನ್‌ಗೆ ಅಂಚೆಯಲ್ಲಿ ಕಳಿಸಬೇಕಿತ್ತು. 2012ರ ಜೂನ್‌ವರೆಗೆ ನೋಟರಿ ದೃಢೀಕರಿಸಿದ ಪ್ರತಿ ನಡೆಯುತ್ತಿತ್ತು. ಆಮೇಲೆ ಮೂಲ ಪಾಸ್‌ಪೋರ್ಟನ್ನೇ, ಇಲ್ಲವೇ ಅದನ್ನು ಕೊಟ್ಟ ಸರ್ಕಾರವೇ ದೃಢೀಕರಿಸಿದ ಪ್ರತಿಯನ್ನು ಕಳಿಸಬೇಕಾಯಿತು. ಪಾಸ್‌ಪೋರ್ಟ್ ಮರಳಿ ಬರುವವರೆಗೆ ಊರಿನಲ್ಲಿ ಯಾರಿಗೆ ಏನಾದರೂ ಹೊರಡುವಂತಿಲ್ಲ. 2015ರ ಕೊನೆಯ ಕಾನೂನೊಂದು, ಸತತ 3 ವರ್ಷ ಬಳಸದ ಐಟಿಐಎನ್ ರದ್ದಾಗುತ್ತದೆ ಎಂದಿತು.

ಎರಡು ಬಗೆಯ ನಂಬರಿನ ಅಂತರ ಎದ್ದು ಕಂಡದ್ದು ಸರ್ಕಾರ ಹಣ ಹಂಚಿದಾಗ. 2008ರ ಆರ್ಥಿಕ ಕುಸಿತದಲ್ಲಿ ದಂಪತಿಗೆ 1,200 ಡಾಲರ್‌ವರೆಗೆ ತೆರಿಗೆ ಮರುಪಾವತಿ ಘೋಷಣೆಯಾಯಿತು. ಜಂಟಿ ರಿಟರ್ನಿನಲ್ಲಿ ಒಬ್ಬರದು ಐಟಿಐಎನ್ ಆಗಿದ್ದರೆ, ಸೈನಿಕ ಕುಟುಂಬಗಳನ್ನು ಬಿಟ್ಟು, ಇಡೀ ಮನೆಗೆ ಏನೂ ಇಲ್ಲ. ತೆರಿಗೆ ಉಳಿಸಿದ ಅದೇ ಜಂಟಿ ಅರ್ಜಿ ಈಗ ಗಂಡನ ಪಾಲನ್ನೂ ಕಳೆಯಿತು. 2020ರ ಕೋವಿಡ್ ನೆರವಿನಲ್ಲೂ ಇದೇ ಷರತ್ತು ಮರುಕಳಿಸಿತು; ಆ ವರ್ಷದ ಡಿಸೆಂಬರಿನ ಕಾಯ್ದೆ ಅದನ್ನು ಪೂರ್ವಾನ್ವಯವಾಗಿ ಸಡಿಲಿಸಿ, ನಂಬರು ಇರುವ ಸಂಗಾತಿಗೆ ಹಣ ಕೊಟ್ಟಿತು. ಮಕ್ಕಳಲ್ಲೂ ಭೇದ ಬಂತು. 2017ರ ತೆರಿಗೆ ಕಾನೂನಿನ ಪ್ರಕಾರ 2018ರಿಂದ, ಅಮೆರಿಕದಲ್ಲಿ ಹುಟ್ಟಿದ ತಂಗಿಯ ಲೆಕ್ಕಕ್ಕೆ 2,000 ಡಾಲರ್ ರಿಯಾಯಿತಿ ಸಿಕ್ಕರೆ, ಬೆಂಗಳೂರಿನಲ್ಲಿ ಹುಟ್ಟಿ ಎಚ್-4ರಲ್ಲಿ ಬಂದ ಅಣ್ಣನ ಲೆಕ್ಕಕ್ಕೆ ಸಿಗುತ್ತಿದ್ದದ್ದು 500.

ಬ್ಯಾಂಕು, ಸಾಲ ಮತ್ತು ಬೆಂಗಳೂರಿನ ಸೈಟು

ಜಂಟಿ ಖಾತೆ ತೆರೆಯಲು ಕಾನೂನಿನ ಅಡ್ಡಿ ಇರಲಿಲ್ಲ. 2001ರ ಪೇಟ್ರಿಯಟ್ ಕಾಯ್ದೆಯ ಗುರುತಿನ ನಿಯಮಗಳೂ ವಿದೇಶೀಯರ ಪಾಸ್‌ಪೋರ್ಟ್ ನಂಬರನ್ನು ಒಪ್ಪುತ್ತವೆ. ತೊಂದರೆಯಿದ್ದದ್ದು ಸಾಲದ ಚರಿತ್ರೆಯಲ್ಲಿ. ಗಂಡನ ಕ್ರೆಡಿಟ್ ಕಾರ್ಡಿನ ಮೇಲೆ ಹೆಂಡತಿಗೆ ಹೆಚ್ಚುವರಿ ಕಾರ್ಡು ಸಿಗುತ್ತಿತ್ತು, ಸ್ವಂತ ಕಾರ್ಡು ಕಷ್ಟ. 2009ರ ಕ್ರೆಡಿಟ್ ಕಾರ್ಡ್ ಕಾಯ್ದೆಯನ್ನು ಜಾರಿಗೊಳಿಸುತ್ತ 2011ರಲ್ಲಿ ಬಂದ ನಿಯಮ, ಅರ್ಜಿದಾರರಿಗೆ ಸ್ವತಂತ್ರ ಆದಾಯ ಇರಬೇಕೆಂದಾಗ ಸಂಬಳವಿಲ್ಲದ ಎಲ್ಲ ಗೃಹಿಣಿಯರೂ ಹೊರಗುಳಿದರು. ಅಮೆರಿಕನ್ ಗೃಹಿಣಿಯರ ವಿರೋಧ ಜೋರಾಗಿ, ಗ್ರಾಹಕ ಹಣಕಾಸು ಸಂರಕ್ಷಣಾ ಬ್ಯೂರೊ 2013ರಲ್ಲಿ ನಿಯಮ ತಿದ್ದಿತು. 21 ದಾಟಿದವರು ತಮ್ಮ ಕೈಗೆ ನಿಜವಾಗಿ ದಕ್ಕುವ ಸಂಗಾತಿಯ ಆದಾಯವನ್ನೂ ತೋರಿಸಬಹುದಾಯಿತು. ವಲಸೆ ಕಾನೂನಿಗೆ ಸಂಬಂಧವೇ ಇಲ್ಲದ ಈ ಬದಲಾವಣೆಯ ಲಾಭ ಎಚ್-4 ಮನೆಗಳಿಗೂ ತಲುಪಿತು.

ದುಡಿಮೆಗೆ ತಡೆಯಿದ್ದರೂ ಒಡೆತನಕ್ಕೆ ಇರಲಿಲ್ಲ. ಎಚ್-4ರಲ್ಲಿರುವವರು ಬಡ್ಡಿ, ಲಾಭಾಂಶ, ಬಾಡಿಗೆ ಪಡೆಯಬಹುದು, ಷೇರು ಇಟ್ಟುಕೊಳ್ಳಬಹುದು. ಎಷ್ಟು ಪಾಲು ಎಂಬುದು ವಾಸವಿರುವ ರಾಜ್ಯದ ಮೇಲೆ ನಿಂತಿತ್ತು. ಸ್ಪ್ಯಾನಿಷ್-ಮೆಕ್ಸಿಕನ್ ಕಾನೂನಿನ ಬಳುವಳಿಯಾಗಿ ಕ್ಯಾಲಿಫೋರ್ನಿಯಾ, ಟೆಕ್ಸಾಸ್ ಮುಂತಾದ ರಾಜ್ಯಗಳಲ್ಲಿ ದಂಪತಿಯ ಗಳಿಕೆ ಸಮುದಾಯ ಆಸ್ತಿ: ಅಲ್ಲಿ ವಾಸಿಸುತ್ತ ಮದುವೆಯ ಅವಧಿಯಲ್ಲಿ ಒಬ್ಬರು ಗಳಿಸಿದ್ದು ಇಬ್ಬರಿಗೂ ಸೇರಿದ್ದು. ಸ್ಯಾನ್ ಹೋಸೆಯಲ್ಲಿದ್ದ ಎಚ್-4 ಗೃಹಿಣಿ ಗಂಡನ ಸಂಬಳದಲ್ಲಿ ಕಾನೂನಿನ ಪ್ರಕಾರವೇ ಸಮಪಾಲುಗಾರ್ತಿ. ನ್ಯೂಜೆರ್ಸಿಯಲ್ಲಿ ಆ ಸ್ವಯಂಚಾಲಿತ ಪಾಲಿಲ್ಲ, ವಿಚ್ಛೇದನವಾದರೆ ನ್ಯಾಯಾಧೀಶರು ಹಂಚಿಕೊಡುತ್ತಾರೆ.

ಹೆಂಡತಿಯ ಹೆಸರು ಕಾಗದದಲ್ಲಿ ಸಲೀಸಾಗಿ ಸೇರುತ್ತಿದ್ದ ಜಾಗ ಭಾರತ. 2000ದ ಜೂನ್ 1ರಂದು ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ (ಫೆಮಾ) ಜಾರಿಯಾದ ಮೇಲೆ ಅನಿವಾಸಿ ಭಾರತೀಯರು ಬೇಸಾಯದ ಜಮೀನು, ತೋಟ, ಫಾರ್ಮ್‌ಹೌಸ್ ಬಿಟ್ಟು ಉಳಿದ ಸ್ಥಿರಾಸ್ತಿಯನ್ನು ಸಾಮಾನ್ಯ ಅನುಮತಿಯ ಮೇಲೆ ಕೊಳ್ಳಬಹುದು. ಡಾಲರ್ ಉಳಿತಾಯ ಅನಿವಾಸಿಗಳ ಎನ್‌ಆರ್‌ಇ ಖಾತೆಗೆ, ಅಲ್ಲಿಂದ ಬೆಂಗಳೂರು ಅಥವಾ ಮೈಸೂರಿನ ಸೈಟಿಗೆ. ಊರಿನಲ್ಲಿರುವ ತಂದೆಗೋ ಮಾವನಿಗೋ ಅಧಿಕಾರಪತ್ರ (ಜಿಪಿಎ) ಬರೆದುಕೊಟ್ಟರೆ ನೋಂದಣಿಯೂ ಮುಗಿಯುತ್ತಿತ್ತು. ಪ್ಯಾನ್ ಇದ್ದ ಹೆಂಡತಿ ಕ್ರಯಪತ್ರದಲ್ಲಿ ಸಹಮಾಲೀಕಳಾದಳು. ವೀಸಾ ಕೈಕೊಟ್ಟರೆ ಇರಲೊಂದು ನೆಲೆ ಎಂಬುದು ಈ ಹೂಡಿಕೆಯ ಹಿಂದಿನ ಇನ್ನೊಂದು ಲೆಕ್ಕ. ಅಮೆರಿಕದ ಕಡೆ ಅದಕ್ಕೊಂದು ಬಾಲ ಉಂಟು: ತೆರಿಗೆಯ ನಿವಾಸಿಗಳು ವಿದೇಶಿ ಖಾತೆಗಳ ಒಟ್ಟು ಮೊತ್ತ 10,000 ಡಾಲರ್ ದಾಟಿದರೆ ಪ್ರತಿ ವರ್ಷ ವಿವರ ಕೊಡಬೇಕು. ಜಂಟಿ ಹೆಸರಿನ ಠೇವಣಿಗೂ ಇದು ಅನ್ವಯಿಸುತ್ತದೆ.

ಎರಡನೇ ಸಂಬಳಕ್ಕೆ ಇದ್ದ ಒಂದು ದಾರಿ ಓದು. ಎಚ್-4ರಲ್ಲೇ ಅಥವಾ ವಿದ್ಯಾರ್ಥಿ ವೀಸಾಕ್ಕೆ ಬದಲಾಗಿ ಎಂ.ಎಸ್. ಮುಗಿಸಿ ಸ್ವಂತ ಎಚ್-1ಬಿ ಪಡೆಯಬೇಕು. ಅದಕ್ಕೆ ಮೊದಲು ಒಂದೇ ಸಂಬಳದಿಂದ ವಿಶ್ವವಿದ್ಯಾಲಯದ ಶುಲ್ಕ ಕಟ್ಟಬೇಕು, ಆಮೇಲೆ ಅರ್ಜಿಗಳು ಮಿತಿ ಮೀರಿದಾಗ ನಡೆಯುವ ಎಚ್-1ಬಿ ಲಾಟರಿಯಲ್ಲಿ ಹೆಸರು ಬರಬೇಕು.

ಮದುವೆ ಯಾವಾಗ ಎಂಬ ಲೆಕ್ಕ

ವರನ ವೀಸಾ ಸಂಬಂಧ ಕೂಡಿಸುವಾಗಿನ ಒಂದು ವಿಚಾರಣೆಯಾಯಿತು. ಎಚ್-1ಬಿ ವರನ ಹೆಂಡತಿ ಕೆಲವೇ ತಿಂಗಳಲ್ಲಿ ಅಮೆರಿಕಕ್ಕೆ ಹೋಗಬಹುದು. ಹೆಚ್ಚು ಭದ್ರವೆನಿಸುವ ಗ್ರೀನ್ ಕಾರ್ಡ್ ವರನ ಹೆಂಡತಿ ಸರದಿಯಲ್ಲಿ ನಿಲ್ಲಬೇಕು. ಆದರೆ ಕಾರ್ಡ್ ಕೈಗೆ ಬರುವ ಮೊದಲೇ ಮದುವೆಯಾದರೆ ಅದೇ ಅರ್ಜಿಯಲ್ಲಿ ಹೆಂಡತಿಗೂ ಪಾಲು. ಹೀಗಾಗಿ ಅವಿವಾಹಿತರು ಅರ್ಜಿಯ ಗತಿ ನೋಡಿಕೊಂಡು ಮುಹೂರ್ತ ಇಡುವಂತಾಯಿತು. 2007ರ ಜುಲೈಯಲ್ಲಿ ಅಮೆರಿಕ ಬಹುತೇಕ ಎಲ್ಲ ಉದ್ಯೋಗಾಧಾರಿತ ಸರದಿಗಳನ್ನು ಒಮ್ಮೆಲೇ ತೆರೆದು, ತಿಂಗಳ ಆರಂಭದಲ್ಲೇ ಹಿಂತೆಗೆದು, ಪ್ರತಿಭಟನೆಯ ಮೇಲೆ ಆಗಸ್ಟ್ 17ರವರೆಗೆ ಅರ್ಜಿ ಸ್ವೀಕರಿಸಿತು. ಗ್ರೀನ್ ಕಾರ್ಡಿನ ಈ ಕೊನೆಯ ಹಂತದ ಅರ್ಜಿ ಹಾಕಿದ ಸಂಗಾತಿಗೂ ಕೆಲಸದ ಪರವಾನಗಿ ಸಿಗುತ್ತದೆ. ಆಗ ಮದುವೆಯಾಗಿ ಅಮೆರಿಕದಲ್ಲಿದ್ದವರ ಮನೆಗೆ ಎರಡನೇ ಸಂಬಳ ಬಂತು; ತಡವಾಗಿ ಮದುವೆಯಾದವರು ಮತ್ತೆ ವರ್ಷಗಟ್ಟಲೆ ಕಾದರು.

ಅಮೆರಿಕನ್ ಪ್ರಜೆಯನ್ನು ಮದುವೆಯಾದರೆ ಕೆಲಸದ ಹಕ್ಕು ಬೇಗ ಸಿಗುತ್ತದೆ, ಹಣಕಾಸು ಮಾತ್ರ ಪರೀಕ್ಷೆಗೆ ಒಳಗಾಗುತ್ತದೆ. 1986ರ ಕಾನೂನು ಹೊಸ ಮದುವೆಗಳಿಗೆ 2 ವರ್ಷದ ಷರತ್ತಿನ ಗ್ರೀನ್ ಕಾರ್ಡ್ ವಿಧಿಸಿತು. ಷರತ್ತು ತೆಗೆಸಲು ಜಂಟಿ ಬ್ಯಾಂಕ್ ವಿವರ, ಇಬ್ಬರ ಹೆಸರಿನ ಬಾಡಿಗೆ ಕರಾರು, ವಿಮೆ, ತೆರಿಗೆ ರಿಟರ್ನ್ ಒಪ್ಪಿಸಬೇಕು. ಹಣ ಬೇರೆ ಬೇರೆ ಇಟ್ಟುಕೊಂಡ ದಂಪತಿಯ ಮದುವೆಯೇ ಅನುಮಾನಕ್ಕೆ ಗುರಿ. 1996ರ ಕಾನೂನಿನಂತೆ ಪ್ರಜೆಯಾದ ಸಂಗಾತಿ ಬಡತನ ರೇಖೆಯ ಶೇ 125ರಷ್ಟು ಆದಾಯ ತೋರಿಸಿ ಪೋಷಣೆಯ ಮುಚ್ಚಳಿಕೆ ಬರೆದುಕೊಡಬೇಕು. ವಿಚ್ಛೇದನವಾದರೂ ಆ ಹೊಣೆ ತಪ್ಪುವುದಿಲ್ಲ.

2015ರ ನಿಯಮ ಮತ್ತು ಅದರ ತೂಗಾಟ

ಎಚ್-4ರವರಿಗೆ ಕೆಲಸದ ಪರವಾನಗಿ ಕೊಡುವ ನಿಯಮ 2015ರ ಫೆಬ್ರವರಿ 25ರಂದು ಪ್ರಕಟವಾಗಿ ಮೇ 26ರಿಂದ ಜಾರಿಗೆ ಬಂತು. ಅದು ಎಲ್ಲರಿಗಲ್ಲ, ಗಂಡನ ಗ್ರೀನ್ ಕಾರ್ಡ್ ಅರ್ಜಿ ಕಂಪನಿ ಸಲ್ಲಿಸುವ ಐ-140 ಹಂತದಲ್ಲಿ ಮಂಜೂರಾಗಿರಬೇಕು, ಇಲ್ಲವೇ ಅವನ ಎಚ್-1ಬಿ 6 ವರ್ಷ ಮೀರಿ ನವೀಕರಣವಾಗಿರಬೇಕು. ಮೊದಲ ವರ್ಷ 1,79,600ರವರೆಗೆ ಜನ ಅರ್ಹರಾಗಬಹುದೆಂದು ಸರ್ಕಾರ ಅಂದಾಜು ಮಾಡಿತ್ತು. ಅಂದಿನ ಅರ್ಜಿ ಶುಲ್ಕ 380 ಡಾಲರ್. 'ಇಎಡಿ' ಎಂದು ಎಲ್ಲರೂ ಕರೆಯುವ ಈ ಕಾರ್ಡಿನ ಹಿಂದೆಯೇ ಸೋಷಿಯಲ್ ಸೆಕ್ಯುರಿಟಿ ನಂಬರು, ಸ್ವಂತ ಸಂಬಳದ ಖಾತೆ, ನಿವೃತ್ತಿ ನಿಧಿ, ಮನೆ ಸಾಲದಲ್ಲಿ ಎರಡನೇ ಆದಾಯ ಎಲ್ಲವೂ ಬಂದವು.

ನಿಯಮ ಜಾರಿಯಾಗುವ ಮೊದಲೇ ಕೆಲಸ ಕಳೆದುಕೊಂಡ ಅಮೆರಿಕನ್ ತಂತ್ರಜ್ಞರ 'ಸೇವ್ ಜಾಬ್ಸ್ ಯುಎಸ್‌ಎ' ಸಂಘಟನೆ ಕೋರ್ಟಿಗೆ ಹೋಯಿತು. ಟ್ರಂಪ್ ಸರ್ಕಾರ 2017ರಲ್ಲಿ ನಿಯಮ ರದ್ದುಪಡಿಸುವುದಾಗಿ ಹೇಳಿತು. ಆ ಪ್ರಸ್ತಾವವನ್ನು 2021ರ ಜನವರಿಯಲ್ಲಿ ಬೈಡನ್ ಸರ್ಕಾರ ಹಿಂತೆಗೆದುಕೊಂಡಿತು. ಮೇಲ್ಮನವಿ ನ್ಯಾಯಾಲಯ 2024ರ ಆಗಸ್ಟ್ 2ರಂದು ನಿಯಮವನ್ನು ಎತ್ತಿಹಿಡಿಯಿತು. 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ಈ ಹತ್ತು ವರ್ಷ ಎರಡನೇ ಸಂಬಳವನ್ನು ನೆಚ್ಚಿ ಮನೆ ಸಾಲ ಮಾಡಬಹುದೇ ಎಂಬ ಪ್ರಶ್ನೆಗೆ ಯಾರೂ ಗಟ್ಟಿ ಉತ್ತರ ಕೊಡುವಂತಿರಲಿಲ್ಲ.

ನವೀಕರಣ ಇನ್ನೊಂದು ತಲೆನೋವು. ಕಾರ್ಡಿನ ಅವಧಿ ವೀಸಾದ ಅವಧಿಗೆ ಅಂಟಿಕೊಂಡಿದೆ. 180 ದಿನಕ್ಕಿಂತ ಮುಂಚೆ ಅರ್ಜಿ ಹಾಕುವಂತಿಲ್ಲ. 2019ರಲ್ಲಿ ಎಚ್-4 ವಿಸ್ತರಣೆಗೂ ಬೆರಳಚ್ಚು ಕಡ್ಡಾಯವಾದ ಮೇಲೆ ವಿಳಂಬ ಹೆಚ್ಚಿ, ಕಾರ್ಡ್ ಬರುವವರೆಗೆ ಅನೇಕರು ಸಂಬಳವಿಲ್ಲದ ರಜೆ ಹಾಕಬೇಕಾಯಿತು, ಕೆಲವರು ಕೆಲಸವನ್ನೇ ಕಳೆದುಕೊಂಡರು. 2021ರ ನವೆಂಬರಿನಲ್ಲಿ ಕೋರ್ಟಿನ ರಾಜಿಯೊಂದು ಎಲ್-2ರವರಿಗೆ ಪ್ರತ್ಯೇಕ ಕಾರ್ಡಿಲ್ಲದೆಯೇ ದುಡಿಯುವ ಹಕ್ಕನ್ನೂ, ಎಚ್-4ರವರಿಗೆ ವೀಸಾ ಅವಧಿ ಉಳಿದಿದ್ದರೆ ಪರವಾನಗಿಯ ಸ್ವಯಂಚಾಲಿತ ವಿಸ್ತರಣೆಯನ್ನೂ ಕೊಟ್ಟಿತು. ಈ ವಿಸ್ತರಣೆಯನ್ನು 2025ರ ಅಕ್ಟೋಬರ್ 30ರಿಂದ ಸಲ್ಲಿಸುವ ಅರ್ಜಿಗಳಿಗೆ ಸರ್ಕಾರ ನಿಲ್ಲಿಸಿತು.

ಸಾವು, ಬೇರ್ಪಡಿಕೆ, ಮುಪ್ಪು

ಅವಲಂಬಿತ ವೀಸಾದ ದುರ್ಬಲ ಜಾಗ ಗೊತ್ತಾಗುವುದು ಆಧಾರ ಕಳಚಿದಾಗ. ವಿಚ್ಛೇದನದ ತೀರ್ಪಿನೊಂದಿಗೆ ಎಚ್-4 ಮುಗಿಯುತ್ತದೆ. ಜೀವನಾಂಶದ ಮೊಕದ್ದಮೆ ಅಮೆರಿಕದಲ್ಲಿ ನಡೆಯುತ್ತಿದ್ದರೆ ಅಲ್ಲೇ ನಿಲ್ಲಲು ಬೇರೆ ವೀಸಾ ಹುಡುಕಬೇಕು. ಗಂಡನ ಹಿಂಸೆಗೆ ಒಳಗಾದ ಎಚ್-4 ಹೆಂಡತಿಗೆ ಸ್ವಂತ ಕೆಲಸದ ಪರವಾನಗಿ ಕೊಡುವ ಕಲಮು 2006ರ ಜನವರಿಯಲ್ಲಿ ಸಹಿಯಾದ ಮಹಿಳಾ ಹಿಂಸೆ ತಡೆ ಕಾಯ್ದೆಯ ತಿದ್ದುಪಡಿಯಲ್ಲಿ ಸೇರಿತ್ತು. ಅದಕ್ಕೆಂದೇ ಪ್ರತ್ಯೇಕ ಅರ್ಜಿ ನಮೂನೆ ಬರಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. 2017ರ ಫೆಬ್ರವರಿಯಲ್ಲಿ ಕಾನ್ಸಾಸ್ ರಾಜ್ಯದ ಓಲೇಥದಲ್ಲಿ ಭಾರತೀಯ ಎಂಜಿನಿಯರ್ ಒಬ್ಬರು ಜನಾಂಗದ್ವೇಷದ ಗುಂಡಿಗೆ ಬಲಿಯಾದಾಗ, ಅವರ ಪತ್ನಿಯ ವಾಸದ ಹಕ್ಕೂ ಅವರೊಡನೆ ಹೋಯಿತು. ಸಂಸದರೊಬ್ಬರು ಮಧ್ಯ ಪ್ರವೇಶಿಸಿದ ಮೇಲೆ ಆಕೆಗೆ ತಾತ್ಕಾಲಿಕ ಪರವಾನಗಿ ದೊರೆಯಿತು. ಆಸ್ತಿಯ ವಿಷಯದಲ್ಲೂ ತೊಡಕುಂಟು: ಗಂಡನ ಆಸ್ತಿ ಹೆಂಡತಿಗೆ ಹೋಗುವಾಗ ಉತ್ತರಾಧಿಕಾರ ತೆರಿಗೆಗೆ ಇರುವ ಮಿತಿಯಿಲ್ಲದ ವಿನಾಯಿತಿ, 1988ರ ಕಾನೂನಿನಿಂದಾಗಿ, ಪ್ರಜೆಯಲ್ಲದ ಹೆಂಡತಿಗೆ ಸಾಮಾನ್ಯವಾಗಿ ಸಿಗುವುದಿಲ್ಲ.

ಕೊನೆಯ ಲೆಕ್ಕ ಪಿಂಚಣಿಯದು. ಸೋಷಿಯಲ್ ಸೆಕ್ಯುರಿಟಿ ಪಿಂಚಣಿಗೆ 40 ಕ್ರೆಡಿಟ್, ಅಂದರೆ ಕನಿಷ್ಠ 10 ವರ್ಷದ ದುಡಿಮೆ ಬೇಕು. ಗಂಡನ ಸಂಬಳದಿಂದ ಶೇ 6.2 ಪ್ರತಿ ತಿಂಗಳೂ ಅದಕ್ಕೆ ಮುರಿದುಹೋಗುತ್ತದೆ. ಹೆಂಡತಿಯ ಎಚ್-4 ವರ್ಷಗಳು ಆಕೆಯ ಲೆಕ್ಕದಲ್ಲಿ ಖಾಲಿ. ಅಮೆರಿಕದಲ್ಲೇ ನೆಲೆಸಿದರೆ ಗಂಡನ ಪಿಂಚಣಿಯ ಗರಿಷ್ಠ ಅರ್ಧದಷ್ಟು ಆಕೆಗೆ ಸಿಗಬಹುದು, ವಿಚ್ಛೇದಿತೆಗಾದರೆ ಮದುವೆ 10 ವರ್ಷ ಬಾಳಿರಬೇಕು. 10 ವರ್ಷ ತುಂಬುವ ಮೊದಲೇ ಬೆಂಗಳೂರಿಗೆ ಮರಳಿದ ಕುಟುಂಬಕ್ಕೆ, ಎರಡು ದೇಶಗಳ ಸೇವಾವಧಿಯನ್ನು ಕೂಡಿಸುವ ಒಪ್ಪಂದ ಭಾರತ ಮತ್ತು ಅಮೆರಿಕದ ನಡುವೆ ಇಲ್ಲದ ಕಾರಣ, ಗಂಡ ಕಟ್ಟಿದ ಹಣದಿಂದಲೂ ಪಿಂಚಣಿ ಬರುವುದಿಲ್ಲ.